ಕುರ್ಚಿ ಬಿಡಬೇಡಿ ಅಂದಿದ್ದ ಸಾರ್

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ನನ್ನ ಎದುರಿಗೇ ಗೋಡೆ ಗಡಿಯಾರವಿತ್ತು, ಹಾಗಾಗಿ ಹೊತ್ತು ಮರೆತಿಲ್ಲ. ಎ.ಸಿ. ನಿಂತು ಹಾಲ್ ಒಮ್ಮೆಲೇ ಮೌನವಾಯಿತು. ಕಿಟಕಿಗಳ ಹೊರಗೆ ಕಾಲೇಜಿನದೇ ದೊಡ್ಡ ಬ್ಯಾನರ್ ಬಿಗಿದಿದ್ದರು, ಅದರಿಂದ ಹಗಲಲ್ಲೂ ಒಳಗೆ ಅರೆಗತ್ತಲು. ಮುಂದಿನ ಮೇಜಿನಲ್ಲಿ ನನ್ನ ಗೆಳತಿ ಶಿವಲೀಲಾ ಅಣಕು ಸಂದರ್ಶನ ಕೊಡುತ್ತಿದ್ದಳು. ‘ನಿಮ್ಮ ದೌರ್ಬಲ್ಯ ಏನು’ ಎಂಬ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವಳು ಕತ್ತಲಾದದ್ದೇ ಗೊತ್ತಿಲ್ಲದವಳ ಹಾಗೆ ವಾಕ್ಯ ಮುಂದುವರಿಸಿದಳು. ನಾವೆಲ್ಲ ಮುಸಿಮುಸಿ ನಕ್ಕೆವು. ಸಾರ್ ಶುರು ಮಾಡಿದರು ಅಂದುಕೊಂಡೆವು.

ಸಾರ್ ಆಗ ಹಾಲ್‌ನಲ್ಲಿ ಇರಲಿಲ್ಲ. ‘ಒಂದು ಟೀ ಕುಡಿದು ಬರ್ತೀನಿ, ನೀವು ನಡೆಸ್ತಿರಿ’ ಎಂದು ಕೆಳಗೆ ಹೋಗಿದ್ದರು. ಅವರು ಹಾಗೆ ಹೊರಗೆ ಹೋದರೆ ಏನೋ ಕಾದಿದೆ ಎಂದೇ ಅರ್ಥ. ಅದು ನಮಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆವು.

ನಮ್ಮದು ಜೆ.ಪಿ. ನಗರದ ಒಂದು ಸಣ್ಣ ಎಂ.ಬಿ.ಎ. ಕಾಲೇಜು. ಕಾಲೇಜು ಎಂದರೆ ಮೂರನೇ ಮಹಡಿ, ಅಷ್ಟೇ. ನೆಲಮಹಡಿಯಲ್ಲಿ ಸೋಫಾ, ಹಾಸಿಗೆ ಮಾರುವ ಅಂಗಡಿ. ಮಧ್ಯದಲ್ಲಿ ಒಂದು ಟ್ಯೂಷನ್ ಸೆಂಟರ್, ಒಂದು ಜಿಮ್. ಸಾರ್ ನಮಗೆ ಯಾವ ಸಬ್ಜೆಕ್ಟನ್ನೂ ಕಲಿಸುತ್ತಿರಲಿಲ್ಲ. ಅಕೌಂಟ್ಸ್‌ಗೆ, ಮಾರ್ಕೆಟಿಂಗ್‌ಗೆ ಬೇರೆಯವರಿದ್ದರು. ಇವರದು ವಾರಕ್ಕೆರಡು ಸಲದ ‘ಕೆಲಸಕ್ಕೆ ತಯಾರಿ’ ಎಂಬ ಕ್ಲಾಸು. ಟೈಮ್ ಟೇಬಲ್‌ನಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಾವು ಅದನ್ನು ‘ಮುಖ ತೊಳೆಯೋ ಕ್ಲಾಸು’ ಎನ್ನುತ್ತಿದ್ದೆವು. ಮೊದಲನೇ ದಿನ ಬಂದವರೇ ಅವರು, ‘ಮುಖ ತೊಳ್ಕೊಂಡು ಬನ್ನಿ, ನಿದ್ದೆ ಮುಖಕ್ಕೆ ಯಾರೂ ಸಂಬಳ ಕೊಡಲ್ಲ’ ಎಂದು ಇಡೀ ಬ್ಯಾಚನ್ನು ನಲ್ಲಿಯ ಕಡೆ ಕಳಿಸಿದ್ದರು.

ತೆಳ್ಳಗೆ, ಎತ್ತರಕ್ಕಿದ್ದರು. ಇಸ್ತ್ರಿ ಮಾಡಿದ ತಿಳಿ ಬಣ್ಣದ ಅಂಗಿ. ಆ ಅಂಗಿಯ ಜೇಬು ಮಾತ್ರ ಯಾವಾಗಲೂ ಉಬ್ಬಿರುತ್ತಿತ್ತು, ಅದರಲ್ಲಿ ಕಡ್ಲೆಮಿಠಾಯಿ ಪೊಟ್ಟಣ. ಸಂದರ್ಶನದಲ್ಲಿ ಅಲ್ಲಾಡದೆ ಉತ್ತರ ಕೊಟ್ಟವರಿಗೆ ಒಂದು ಚೂರು ಸಿಗುತ್ತಿತ್ತು. ಇಪ್ಪತ್ತೆರಡು ವರ್ಷ ದಾಟಿದ ನಾವು ಆ ಒಂದು ಚೂರಿಗಾಗಿ ಜೀವ ಬಿಡುತ್ತಿದ್ದೆವು.

ಅವರ ಮಾತು ಬಹಳ ಮೆಲ್ಲಗೆ, ಅಳೆದು ತೂಗಿದ ಹಾಗೆ. ದನಿ ಏರಿದ್ದನ್ನು ನಾವು ಕೇಳಿಯೇ ಇರಲಿಲ್ಲ. ಗದಗದ ಕಡೆಯಿಂದ ಬಂದು ಬಿ.ಟಿ.ಎಂ.ನಲ್ಲಿ ಪಿ.ಜಿ. ಹಿಡಿದಿದ್ದ ಶಿವಲೀಲಾ ಮೊದಲ ದಿನ ‘ನಮಸ್ಕಾರ್ರೀ ಸರ’ ಎಂದಾಗ ಇಡೀ ಹಾಲ್ ಗೊಳ್ಳೆಂದು ನಕ್ಕಿತು.

‘ನಿಮ್ಮ ಭಾಷೆ ಬದಲಾಯಿಸಬೇಡಮ್ಮ, ಅದು ಚೆನ್ನಾಗಿದೆ’ ಎಂದರು ಸಾರ್. ‘ದನಿ ಮಾತ್ರ ಕಡಿಮೆ ಮಾಡು. ಆಫೀಸಿಗೆ ಒಂದು ದನಿ, ಮನೆಗೆ ಒಂದು ದನಿ. ಮನೆ ದನೀನ ಚಪ್ಪಲಿ ಜೊತೆ ಬಾಗಿಲ ಹೊರಗೆ ಬಿಟ್ಟು ಬರಬೇಕು.’

‘ಹಂಗಾದ್ರ ನಾ ಮೂಕಿ ಆಗ್ತೀನ್ರೀ ಸರ’ ಎಂದಳು ಶಿವಲೀಲಾ. ಸಾರ್ ನಕ್ಕು ಅವಳಿಗೆ ಪ್ರಶ್ನೆ ಕೇಳುವ ಮೊದಲೇ ಮಿಠಾಯಿ ಕೊಟ್ಟರು. ಹಾಗೆ ಸಿಕ್ಕಿದ್ದು ಅವಳೊಬ್ಬಳಿಗೆ.

ಶನಿವಾರದ ಅಣಕು ಸಂದರ್ಶನಗಳಲ್ಲಿ ಅವರೊಂದು ಪದ್ಧತಿ ಇಟ್ಟುಕೊಂಡಿದ್ದರು. ಒಬ್ಬರು ಉತ್ತರ ಹೇಳುತ್ತಿರುವಾಗ ಲೈಟ್ ಆರಿಸುವುದು. ರೆಸ್ಯೂಮೆ ಮೇಲೆ ನೀರು ಚೆಲ್ಲುವುದು. ಯಾರದೋ ಫೋನ್ ಜೋರಾಗಿ ಹೊಡೆಸುವುದು. ಮಾತು ನಿಲ್ಲಿಸಿದವರು, ತಿರುಗಿ ನೋಡಿದವರು, ಎದ್ದವರು ಔಟ್. ‘ಗಾಬರಿ ಅನ್ನೋದು ನೆಗಡಿ ಇದ್ದ ಹಾಗೆ. ಒಬ್ಬನಿಗೆ ಬಂದ್ರೆ ಸಾಕು, ಇಡೀ ಫ್ಲೋರ್ ಸೀನುತ್ತೆ’ ಎನ್ನುತ್ತಿದ್ದರು. ‘ಎಂಥ ಗಲಾಟೆ ಆದ್ರೂ ಕುರ್ಚಿ ಬಿಡಬೇಡಿ. ಕೂತು ಕೇಳಿ. ಕಾರಣ ಕೇಳಿ.’

ಒಂದು ಸಲ ಬಿಲ್ಡಿಂಗಿನ ವಾಚ್‌ಮನ್‌ಗೆ ಹೇಳಿಕೊಟ್ಟು, ‘ಮೇಲೆ ಟ್ಯಾಂಕ್ ಒಡೀತು, ಎಲ್ಲ ಓಡ್ರಿ’ ಎಂದು ಕೂಗಿಸಿದರು. ಅರ್ಧ ಕ್ಲಾಸು ಓಡಿತು. ನಾನೂ ಓಡಿದೆ. ಮೆಟ್ಟಿಲ ಹತ್ತಿರ ಸಾರ್ ಕೈಕಟ್ಟಿ ನಿಂತಿದ್ದರು. ವಾಪಸ್ ಕರೆತಂದು ಕೂರಿಸಿ ಒಂದು ಗಂಟೆ ಬೈದರು. ಬೈಗುಳ ಎಂದರೆ ಅವರ ರೀತಿಯ ಬೈಗುಳ, ಮೆಲ್ಲಗೆ. ‘ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು? ನೀರು ಕಂಡ್ರಾ? ನಾಳೆ ನಾನೇ ಬಂದು ಏಳಿ ಅಂದ್ರೂ ಕಾರಣ ಕೇಳಿ.’ ಓಡದೆ ಕೂತವರಿಗೆ ಅವತ್ತು ಎರಡೆರಡು ಚೂರು ಮಿಠಾಯಿ. ನಾವು ಓಡಿದವರು ತಲೆ ತಗ್ಗಿಸಿ ಅವರು ತಿನ್ನುವುದನ್ನು ನೋಡಿದೆವು.

ಕುರ್ಚಿಯ ಮೇಲೆ ಅವರಿಗೆ ಅಷ್ಟು ನಂಬಿಕೆ ಯಾಕೆ ಎಂಬುದು ನನಗೆ ತಡವಾಗಿ ತಿಳಿಯಿತು. ಸಂದರ್ಶನಗಳು ಮುಗಿದ ಮೇಲೆ ನಮ್ಮನ್ನು ಒಮ್ಮೊಮ್ಮೆ ಮೂಲೆಯ ದರ್ಶಿನಿಗೆ ಕರೆದುಕೊಂಡು ಹೋಗುತ್ತಿದ್ದರು. ಅದೂ ಪಾಠವೇ. ನಿಂತುಕೊಂಡು ಮಸಾಲೆ ದೋಸೆ ತಿನ್ನುತ್ತಾ ಅಂಗಿಗೆ ಚಟ್ನಿ ಬೀಳದ ಹಾಗೆ ವ್ಯವಹಾರ ಮಾತಾಡಬೇಕು. ನಮ್ಮ ಬ್ಯಾಚಿನ ತಮಾಷೆ ಹುಡುಗ ಮನೋಜ್ ಪ್ರತಿ ಸಲ ಅಂಗಿಗೆ ಸಾಂಬಾರ್ ಬೀಳಿಸಿಕೊಂಡು, ‘ಸಾರ್, ನಾನು ಬಫೆ ಇಲ್ಲದ ಕಂಪನಿ ಹುಡುಕ್ತೀನಿ’ ಎನ್ನುತ್ತಿದ್ದ. ಅಂಥ ಒಂದು ಸಂಜೆ ಸಾರ್ ತಮ್ಮ ಹಳೆಯ ಫ್ಯಾಕ್ಟರಿಯ ಮಾತು ತೆಗೆದರು. ಅಲ್ಲಿ ಅವರು ಸಿಬ್ಬಂದಿ ವಿಭಾಗದಲ್ಲಿದ್ದರು. ಫ್ಯಾಕ್ಟರಿ ಮುಚ್ಚುವಾಗ ಒಬ್ಬೊಬ್ಬರನ್ನೇ ರೂಮಿಗೆ ಕರೆದು ಕೆಲಸ ಹೋಗಿದೆ ಎಂದು ಹೇಳುವ ಕೆಲಸ ಇವರದೇ.

‘ಗಾಬರಿ ಬಿದ್ದವರು ತೋರಿಸಿದ ಕಡೆ ಸೈನ್ ಹಾಕಿ ಎದ್ದು ಹೋದ್ರು. ಕೂತು, ಇದೇನು ಅದೇನು ಅಂತ ಕೇಳಿದವರಿಗೆ ನ್ಯಾಯ ಸಿಕ್ತು. ನನ್ನ ಕಣ್ಣೆದುರಿಗೇ ನೋಡಿದ್ದು. ಅವತ್ತೇ ಅಂದ್ಕೊಂಡೆ, ಯಾರಿಗಾದ್ರೂ ಏನಾದ್ರೂ ಕಲಿಸೋದಾದ್ರೆ ಇದೊಂದು ಕಲಿಸಬೇಕು ಅಂತ.’

ಪುಟ್ಟೇನಹಳ್ಳಿಯ ಹಳೆಯ ಮನೆತನ ಅವರದು. ಅಪ್ಪನ ಕಾಲದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ. ತಮ್ಮ ಮನೆಯ ಮೇಲೆ ಕಟ್ಟಿಸಿದ್ದ ಮನೆಗಳಿಂದ ಬಾಡಿಗೆ ಬರುತ್ತಿತ್ತು, ಕಾಲೇಜಿನ ಸಂಬಳ ಅವರಿಗೆ ಬೇಕಿರಲಿಲ್ಲ. ಬೇಕಾಗಿದ್ದದ್ದು ನಾವು, ಕುರ್ಚಿಯಲ್ಲಿ ಕೂತು ಕಾರಣ ಕೇಳುವ ಮಕ್ಕಳು.

ಮೂರು ಗಂಟೆ ಹತ್ತು ನಿಮಿಷಕ್ಕೆ ಹಿಂತಿರುಗುತ್ತೇನೆ. ಹಗಲೂ ಇರುಳೂ ನಾನು ಅಲ್ಲಿಗೇ ತಿರುಗುವುದು.

ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ವಾಚ್‌ಮನ್ ಬಾಗಿಲು ಬಡಿದ. ‘ಬೆಂಕಿ! ಬೆಂಕಿ! ಇಳೀರಿ ಎಲ್ಲಾ!’ ಎಂದು ಕೂಗಿ ಬೇರೆ ಬಾಗಿಲ ಕಡೆ ಓಡಿದ. ಟ್ಯಾಂಕ್ ಒಡೀತು ಎಂದಿದ್ದವನೂ ಅವನೇ.

‘ಹೋದ ಸಲ ನೀರು, ಈ ಸಲ ಬೆಂಕಿ’ ಎಂದ ಮನೋಜ್ ಪಿಸುದನಿಯಲ್ಲಿ. ‘ಅಂಕಲ್ ಆಕ್ಟಿಂಗ್ ಸಖತ್ ಇಂಪ್ರೂವ್ ಆಗಿದೆ ಮಗಾ.’

ಬಾಗಿಲ ಕೆಳಗಿನಿಂದ ಹೊಗೆ ಬಂತು. ಮೊದಲು ತೆಳ್ಳಗೆ, ಸಾಂಬ್ರಾಣಿಯ ಹಾಗೆ. ಕರಗಿದ ಪ್ಲಾಸ್ಟಿಕ್ ವಾಸನೆ.

‘ಹೊಗೆ ಬೇರೆ ಬಿಡಿಸವ್ರೆ. ಸಾರ್ ಬಜೆಟ್ ಜಾಸ್ತಿ ಮಾಡವ್ರೆ ಗುರು.’

ಶಿವಲೀಲಾ ಕೆಮ್ಮಿದಳು. ‘ಕ್ಷಮಿಸಿ’ ಎಂದು ಒಂದು ಗುಟುಕು ನೀರು ಕುಡಿದು, ತನ್ನ ದೌರ್ಬಲ್ಯದ ಬಗ್ಗೆ ಮುಂದುವರಿಸಿದಳು. ನನ್ನ ಗಂಟಲು ಉರಿಯುತ್ತಿತ್ತು. ಅಕ್ಕಪಕ್ಕ ನೋಡಿದೆ. ಎಲ್ಲರ ಮುಖದ ಮೇಲೂ ಸಾರ್ ಕಲಿಸಿದ ನಗು, ಹಲ್ಲು ಕಾಣದ ಹಾಗೆ, ತುಟಿಯ ತುದಿ ಮಾತ್ರ ಎತ್ತಿದ ನಗು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಆ ನಗು ಹಾಗೇ ಇತ್ತು. ನನ್ನ ಮುಖದ ಮೇಲೂ ಅದೇ ಇದ್ದಿರಬೇಕು. ಇವತ್ತಿಗೂ ಆಫೀಸಿನ ಕನ್ನಡಿಯಲ್ಲಿ ಅದು ಅಚಾನಕ್ಕಾಗಿ ಕಂಡರೆ ಹೋಗಿ ಮುಖ ತೊಳೆದುಕೊಳ್ಳುತ್ತೇನೆ.

ಕೆಳಗೆ ರಸ್ತೆಯಾಚೆ ಟೀ ಅಂಗಡಿಯಲ್ಲಿ ನಿಂತಿದ್ದ ಸಾರ್‌ಗೆ ಸೋಫಾ ಅಂಗಡಿಯ ಶಟರ್ ಒಳಗಿಂದ ಹೊಗೆ ಏಳುವುದು ಕಾಣಿಸಿತಂತೆ. ಟ್ಯೂಷನ್ ಸೆಂಟರಿನ ಮಕ್ಕಳು, ಜಿಮ್ಮಿನವರು, ಎಲ್ಲ ದುಡುದುಡು ಇಳಿದು ಹೊರಗೆ ಬಂದರು. ನಾವು ಬರಲಿಲ್ಲ. ಟೀ ಅಂಗಡಿಯವರು ನನಗೆ ಆಮೇಲೆ ಹೇಳಿದರು: ‘ಮೂರನೇ ಫ್ಲೋರಿನವರೂ ಬರ್ತಾರೆ ಬಿಡಿ ಸಾರ್ ಅಂದೆ. ಇಲ್ಲಾ, ಅವ್ರು ಬರಲ್ಲ, ಅವ್ರು ಕೂತಿರ್ತಾರೆ ಅಂತ ಲೋಟ ಬಿಸಾಕಿ ಓಡಿಬಿಟ್ರು.’

ಇಡೀ ಬೆಂಗಳೂರಿನಲ್ಲಿ ಆ ವಿಷಯ ಗೊತ್ತಿದ್ದದ್ದು ಅವರೊಬ್ಬರಿಗೆ.

ಮುಂದಿನ ಮೆಟ್ಟಿಲು ಆಗಲೇ ಕಪ್ಪಾಗಿತ್ತು. ಹಿಂದಿನ ಕಿರಿದಾದ ಮೆಟ್ಟಿಲ ಮೇಲೆ ಅಂಗಡಿಯವರು ರಟ್ಟಿನ ಡಬ್ಬಗಳನ್ನು ಪೇರಿಸಿದ್ದರು. ಅವನ್ನು ಪಕ್ಕಕ್ಕೆ ಒತ್ತುತ್ತಾ ಸಾರ್ ಹತ್ತಿ ಬಂದರು. ಹಾಲ್‌ನ ಹಿಂದಿನ ಬಾಗಿಲು ತೆರೆದಾಗ ಅವರ ಮುಖದ ಒಂದು ಭಾಗ ಮಸಿಯಾಗಿತ್ತು, ಅಂಗಿ ಪ್ಯಾಂಟಿನಿಂದ ಹೊರಗೆ ಬಂದಿತ್ತು.

‘ಎಲ್ಲರೂ ಎದ್ದೇಳಿ. ಕೆಳಗೆ ಹೋಗಬೇಕು’ ಎಂದರು. ಆ ಹೊತ್ತಿನಲ್ಲೂ ಅಭ್ಯಾಸದ ಮೆಲುದನಿಯೇ ಬಂತು.

ಯಾರೂ ಏಳಲಿಲ್ಲ. ಮನೋಜ್ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ, ಕೆಮ್ಮು ನುಂಗಿಕೊಂಡು, ಬಹಳ ವಿನಯದಿಂದ ಕೇಳಿದ: ‘ಕಾರಣ ತಿಳಿಯಬಹುದಾ ಸಾರ್?’

ಸಾರ್ ಅವನನ್ನು ನೋಡಿದರು. ಆ ನೋಟವನ್ನು ವರ್ಣಿಸಲು ನನಗೆ ಆಗುವುದಿಲ್ಲ. ತಾನು ಕಟ್ಟಿದ ಮನೆಯ ಬಾಗಿಲು ತನಗೇ ತೆರೆಯದೆ ಹೋದವರ ಮುಖ ಅದು.

ಆಮೇಲೆ ಅವರು ಕೂಗಿದರು.

‘ಏಳ್ರೋ ಮುಂಡೇವಾ! ಸುಟ್ಟು ಸಾಯ್ತೀರಾ! ಏಳ್ರೋ!’

ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿ. ಇಂಗ್ಲಿಷ್ ಇಲ್ಲ, ಅಳತೆ ಇಲ್ಲ, ಮರ್ಯಾದೆ ಇಲ್ಲ. ಹೊಗೆಯೂ ಬೆಂಕಿಯೂ ಹೇಳಿ ಒಪ್ಪಿಸಲಾಗದ್ದನ್ನು ಆ ದನಿ ಒಪ್ಪಿಸಿತು. ಇದು ಪರೀಕ್ಷೆಯಲ್ಲ ಎಂದು ಇಡೀ ಹಾಲ್‌ಗೆ ಒಂದೇ ಸಲ ತಿಳಿಯಿತು. ಕುರ್ಚಿಗಳು ಉರುಳಿದವು. ಶಿವಲೀಲಾ ತನ್ನ ಊರಿನ ದನಿಯಲ್ಲಿ ‘ಯವ್ವಾ!’ ಎಂದು ಚೀರಿ ನನ್ನ ಕೈ ಹಿಡಿದಳು.

ಹಿಂದಿನ ಮೆಟ್ಟಿಲ ತಿರುವಿನಲ್ಲಿ ಡಬ್ಬಗಳು ನಮ್ಮ ಮೇಲೆ ಬೀಳದ ಹಾಗೆ ಸಾರ್ ಬೆನ್ನು ಕೊಟ್ಟು ನಿಂತರು. ನಾವು ಒಬ್ಬೊಬ್ಬರಾಗಿ ಅವರ ಮುಂದಿನಿಂದ ಇಳಿದೆವು. ಹೊಗೆ ಅಲ್ಲಿಗೂ ಹತ್ತುತ್ತಿತ್ತು. ‘ದುಪಟ್ಟಾ ಮೂಗಿಗೆ! ನಡಿ! ಹಿಂದೆ ನೋಡಬೇಡ, ನಡಿಯೇ!’ ಎನ್ನುತ್ತಿದ್ದರು. ಕೊನೆಯವನು ಇಳಿಯುವ ತನಕ ಅಲ್ಲೇ ಇದ್ದರು. ಅಷ್ಟು ಹೊತ್ತೂ ಅವರ ಎರಡು ಕೈಗಳೂ ಡಬ್ಬಗಳನ್ನು ಹಿಡಿದಿದ್ದವು. ಅವರ ಮೂಗಿನ ಮೇಲೆ ಏನೂ ಇರಲಿಲ್ಲ.

ನಾವೆಲ್ಲ ಎದುರಿನ ಫುಟ್‌ಪಾತ್ ಮೇಲೆ ಕೂತೆವು. ಸಾರ್ ಕೆಮ್ಮುತ್ತಾ, ‘ಎಲ್ಲ ಬಂದ್ರಾ? ಎಲ್ಲ ಬಂದ್ರಾ?’ ಎಂದು ನಮ್ಮ ತಲೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಮನೋಜ್ ಮೊಣಕಾಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದ. ಸಾರ್ ಅವನ ಪಕ್ಕ ಕೂತು ಜೇಬಿನಿಂದ ಪೊಟ್ಟಣ ತೆಗೆದರು. ಮಿಠಾಯಿ ಪುಡಿಪುಡಿಯಾಗಿತ್ತು. ದೊಡ್ಡದೊಂದು ಚೂರು ಹುಡುಕಿ ಅವನ ಕೈಗಿಟ್ಟರು.

‘ತಿನ್ನೋ. ಕಾರಣ ಕೇಳ್ದೆ. ನಾನು ಹೇಳ್ಕೊಟ್ಟ ಹಾಗೇ ಕೇಳ್ದೆ.’

ಮನೋಜ್ ಅದನ್ನು ತಿನ್ನಲಿಲ್ಲ. ಅವನು ಅವತ್ತಿನಿಂದ ತಮಾಷೆ ಮಾಡುವುದು ಕಡಿಮೆಯಾಯಿತು.

ಸಾರ್ ಆಂಬುಲೆನ್ಸ್‌ಗೆ ತಾವೇ ನಡೆದು ಹತ್ತಿದರು. ಅದಕ್ಕೇ ನಮಗೆ ಧೈರ್ಯವಿತ್ತು. ಆದರೆ ಹೊಗೆ ಒಳಗೆ ಎಷ್ಟು ಹೋಗಿದೆ ಎಂಬುದು ಹೊರಗೆ ಕಾಣುವುದಿಲ್ಲ. ನಾನೂ ಶಿವಲೀಲಾನೂ ಆಸ್ಪತ್ರೆಗೆ ಹೋದಾಗ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಮಂಚದ ಪಕ್ಕ ಅವರ ಹೆಂಡತಿ ಮೂಸಂಬಿ ಸುಲಿಯುತ್ತಾ ಕೂತಿದ್ದರು. ತಿನ್ನುವವರು ಯಾರೂ ಇರಲಿಲ್ಲ, ಸುಮ್ಮನೆ ಸುಲಿಯುತ್ತಿದ್ದರು.

‘ಯಾಕೆ ಏಳಲಿಲ್ಲ ನೀವು? ವಾಚ್‌ಮನ್ ಕೂಗಿದಾಗ?’ ಎಂದು ಕೇಳಿದರು ಸಾರ್.

ಶಿವಲೀಲಾ ನೇರ ಹುಡುಗಿ. ‘ನೀವ ಹೇಳಿದ್ರಲ್ರೀ ಸರ, ಕುರ್ಚಿ ಬಿಡಬ್ಯಾಡ್ರಿ ಅಂತ’ ಎಂದುಬಿಟ್ಟಳು.

ಸಾರ್ ಕಣ್ಣು ಮುಚ್ಚಿಕೊಂಡರು. ಆಮೇಲೆ ಮಾತಾಡಿದರು, ಒಂದೊಂದು ಮಾತಿಗೂ ಉಸಿರೆಳೆದುಕೊಂಡು.

‘ಅರ್ಧ ಪಾಠ ಹೇಳಿದ್ದೆ ಕಣ್ರಮ್ಮ. ಯಾವಾಗ ಕೂರಬೇಕು ಅಂತ ಹೇಳ್ದೆ. ಯಾವಾಗ ಏಳಬೇಕು ಅಂತ ಹೇಳಲಿಲ್ಲ. ಮುಂದಿನ ಬ್ಯಾಚಿಗೆ ಅದರಿಂದಲೇ ಶುರು ಮಾಡ್ತೀನಿ.’ ಆಕ್ಸಿಜನ್ ನಳಿಕೆ ಸರಿಮಾಡಿಕೊಂಡು, ‘ನನಗೆ ಆಗದೆ ಹೋದ್ರೆ ನೀವು ಹೇಳಿ’ ಎಂದರು.

ಅವರಿಗೆ ಆಗಲಿಲ್ಲ. ಮುಂದಿನ ವಾರ ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಯಲ್ಲಿ ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡೇ ಮಾತಾಡಿದರು, ಅವರ ದುಃಖ ನಿಜವಾದದ್ದು. ಆದರೆ ಅವರು ಹೇಳಿದ್ದು ಇಷ್ಟು: ಸಾರ್ ಕಲಿಸಿದ ಸಮಾಧಾನದಿಂದಲೇ ಮಕ್ಕಳು ನೂಕುನುಗ್ಗಲಿಲ್ಲದೆ ಪಾರಾದರು. ಕಾಲೇಜು ಬನಶಂಕರಿಯ ಬೇರೆ ಕಟ್ಟಡಕ್ಕೆ ಹೋದ ಮೇಲೆ ಹೊಸ ಅಡ್ಮಿಷನ್ ಪುಸ್ತಿಕೆಯಲ್ಲಿ ಸಾರ್ ಫೋಟೋ ಹಾಕಿ, ಕೆಳಗೆ ‘ಬೆಂಕಿಯಲ್ಲೂ ವಿಚಲಿತರಾಗದ ವಿದ್ಯಾರ್ಥಿಗಳನ್ನು ರೂಪಿಸಿದವರು’ ಎಂದು ಅಚ್ಚು ಹಾಕಿಸಿದರು.

ಆ ಪುಸ್ತಿಕೆಯನ್ನು ನನಗೆ ತೋರಿಸಿದ್ದು ಸಾರ್ ಹೆಂಡತಿ. ಅಷ್ಟರಲ್ಲಿ ನಾನು ಜಯನಗರದ ಒಂದು ಆಫೀಸಿಗೆ ಸೇರಿದ್ದೆ. ಒಂದು ಭಾನುವಾರ ಪುಟ್ಟೇನಹಳ್ಳಿಯ ಅವರ ಮನೆಗೆ ಹೋಗಿದ್ದೆ.

‘ಇದೇನಮ್ಮ ಹಿಂಗೆ ಹಾಕವ್ರೆ? ಆಸ್ಪತ್ರೇಲಿ ಅವರು ಹೇಳಿದ್ದೇ ಬೇರೆ ಅಲ್ವಾ?’ ಎಂದರು.

‘ಹೌದು ಆಂಟಿ.’

‘ನಿಮಗೆ ಬೈದ್ರಂತೆ ಅವತ್ತು. ಏನಂತ ಬೈದ್ರು? ಯಾರೂ ನನಗೆ ಸರಿಯಾಗಿ ಹೇಳ್ತಿಲ್ಲ.’

ನಾನು ಹೇಳಿದೆ. ಆ ದನಿಯಲ್ಲಿ ಹೇಳಲು ಆಗಲಿಲ್ಲ, ಮಾತು ಮಾತ್ರ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಾ ನಗುತ್ತಾ ಅತ್ತರು.

‘ಅದು ನಮ್ಮತ್ತೆ ಎಮ್ಮೆಗಳಿಗೆ ಬೈತಿದ್ದ ಬೈಗುಳ ಕಣಮ್ಮ. ಎಮ್ಮೆ ಕೆರೇಲಿ ಮಲಗಿಬಿಟ್ರೆ ಏಳ್ತಿರಲಿಲ್ಲ. ದಡದಲ್ಲಿ ನಿಂತು ಹಿಂಗೇ ಕೂಗೋರು. ಇವರೂ ಮನೇಲಿ ಅದೇ ದನಿ. ನಿಮ್ಮ ಮುಂದೆ ಮೆಲ್ಲಗೆ ಮಾತಾಡ್ತಿದ್ರು ಅಂದ್ರೆ ನನಗೆ ನಂಬಿಕೇನೇ ಬರಲ್ಲ.’ ಮತ್ತೆ ಪುಸ್ತಿಕೆಯನ್ನು ನೋಡಿ, ‘ಈಗಿನ ಹುಡುಗರಿಗೂ ಅದೇ ಅರ್ಧ ಪಾಠ ಹೇಳ್ತಾ ಇದ್ದಾರೋ ಏನೋ’ ಎಂದರು.

ಹೇಳುತ್ತಾ ಇದ್ದರು. ಸಾರ್ ನೆನಪಿನ ದಿನಕ್ಕೆ ಹಳೆಯ ವಿದ್ಯಾರ್ಥಿನಿಯಾಗಿ ಎರಡು ಮಾತಾಡಲು ಕಾಲೇಜಿನವರು ನನ್ನನ್ನು ಕರೆದರು. ಫೋನ್ ಮಾಡಿದ ಹೊಸ ತರಬೇತುದಾರ ಒಳ್ಳೆಯ ಹುಡುಗ, ಉತ್ಸಾಹದಿಂದಲೇ ಹೇಳಿದ: ‘ಲೈಟ್ ಆಫ್ ಮಾಡೋದು, ಗಲಾಟೆ ಮಾಡ್ಸೋದು, ಎಲ್ಲ ಸಾರ್ ಹೆಸರಲ್ಲೇ ಮುಂದುವರಿಸಿದ್ದೀವಿ ಮೇಡಂ. ಈ ಬ್ಯಾಚು ಅಲ್ಲಾಡಲ್ಲ.’

ನಾನು ಒಂದು ವರ್ಷದಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಶ್ರೀನಗರದ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಸಾಕು, ಅಮ್ಮನನ್ನು ಎಬ್ಬಿಸಿಕೊಂಡು ಬೀದಿಗೆ ಬಂದು ನಿಲ್ಲುತ್ತಿದ್ದೆ. ಮಲಗುವಾಗ ಚಪ್ಪಲಿಯನ್ನು ಮಂಚದ ಪಕ್ಕ, ಬಾಗಿಲ ಕಡೆ ಮುಖ ಮಾಡಿ ಇಡುತ್ತಿದ್ದೆ. ಹೊಗೆಯ ಕನಸಿನಲ್ಲಿ ನನ್ನನ್ನು ಹೆದರಿಸುತ್ತಿದ್ದದ್ದು ಬೆಂಕಿಯಲ್ಲ, ಕತ್ತಲಲ್ಲಿ ನಗುತ್ತಾ ಕೂತ ಮುಖಗಳು.

ಶಿವಲೀಲಾಳನ್ನೂ ಕರೆದುಕೊಂಡು ಹೋದೆ. ಬನಶಂಕರಿ ಬಸ್ ಸ್ಟ್ಯಾಂಡಿನಿಂದ ನಡೆಯುವಾಗ ನಾನು ಏನು ಮಾಡಬೇಕು ಎಂದಿದ್ದೇನೆ ಎಂದು ಹೇಳಿದೆ.

‘ನಿನಗ ಒದರಾಕ ಬರ್ತೈತೇನ?’ ಎಂದಳು. ‘ನಿನ್ನ ದನಿ ಲಿಫ್ಟ್‌ನ್ಯಾಗ ಮಾತಾಡೋ ಹೆಣ್ಣಮಗಳ ದನಿ ಹಂಗ ಐತಿ. ದಯವಿಟ್ಟು ಬಾಗಿಲು ಮುಚ್ಚಿ ಅಂತಾಳಲ್ಲ, ಅಕಿ.’

‘ಬರಲಿಲ್ಲ ಅಂದ್ರೆ ನೀನಿದ್ದೀಯಲ್ಲ.’

‘ನಾ ಇದ್ದೀನಿ. ಆದ್ರ ಇದು ನೀನ ಮಾಡಬೇಕು.’

ಹಾಲ್‌ನಲ್ಲಿ ಹೊಸ ಹುಡುಗ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತುಟಿಯ ತುದಿಯಲ್ಲಿ ಅದೇ ನಗು. ಇಲ್ಲಿ ಬರೆದಿರುವುದನ್ನೆಲ್ಲ ಹೇಳಿದೆ: ಮಿಠಾಯಿ, ಟ್ಯಾಂಕು, ಮನೋಜ್ ಕೇಳಿದ ಪ್ರಶ್ನೆ, ಡಬ್ಬಗಳಿಗೆ ಕೊಟ್ಟ ಬೆನ್ನು, ಅರ್ಧ ಪಾಠ. ‘ನಾವು ಸಮಾಧಾನದಿಂದ ಉಳಿಯಲಿಲ್ಲ. ಸಾರ್ ಗಾಬರಿಯಿಂದ ಉಳಿದೆವು’ ಎಂದೆ. ಪ್ರಿನ್ಸಿಪಾಲರು ನೆಲ ನೋಡುತ್ತಿದ್ದರು. ಹೊಸ ತರಬೇತುದಾರನ ಮುಖ ಬಿಳಿಚಿತ್ತು. ಮಕ್ಕಳು ಮಾತ್ರ ಅಲ್ಲಾಡದೆ, ಒಳ್ಳೆಯ ಶ್ರೋತೃಗಳ ಹಾಗೆ ತಲೆಯಾಡಿಸುತ್ತಾ ಕೂತಿದ್ದರು. ಕೇಳಿಸಿಕೊಂಡರು, ಆದರೆ ಅವರಿಗೆ ತಟ್ಟಿರಲಿಲ್ಲ. ಮಾತಿನಿಂದ ಅದು ತಟ್ಟುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನಾನು ಮೈಕ್ ಕೆಳಗಿಟ್ಟೆ.

‘ಏಳ್ರೋ ಮುಂಡೇವಾ!’

ಆ ದನಿ ನನ್ನೊಳಗೆ ಎಲ್ಲಿತ್ತೋ ತಿಳಿಯದು. ಅದು ಗೋಡೆಗೆ ಬಡಿದು ನನಗೇ ವಾಪಸ್ ಬಂತು. ಮುಂದಿನ ಸಾಲಿನ ಹುಡುಗಿಯ ಮುಖದ ನಗು ತಟ್ಟನೆ ಬಿದ್ದುಹೋಯಿತು. ಒಬ್ಬ ಎದ್ದ. ಆಮೇಲೆ ಎಲ್ಲರೂ. ಕುರ್ಚಿಗಳು ಉರುಳಿದವು, ಬ್ಯಾಗುಗಳು ಉಳಿದವು, ಇಡೀ ಬ್ಯಾಚು ಮೆಟ್ಟಿಲಿಳಿದು ಬೀದಿಗೆ ಬಂತು. ಪ್ರಿನ್ಸಿಪಾಲರೂ ಬಂದರು, ಏದುಸಿರು ಬಿಡುತ್ತಾ. ಪಕ್ಕದ ಜ್ಯೂಸ್ ಅಂಗಡಿಯವರು ಹೊರಗೆ ಓಡಿಬಂದು, ‘ಏನಾಯ್ತು ಮೇಡಂ? ಏನಾಯ್ತು?’ ಎಂದರು.

‘ಏನೂ ಆಗಿಲ್ಲಣ್ಣ’ ಎಂದೆ. ನನಗೆ ನಿಲ್ಲದೆ ಅಳು ಬರುತ್ತಿತ್ತು. ‘ಏನೂ ಆಗಿಲ್ಲ. ಎಲ್ಲ ಬಂದ್ರು.’

ಶಿವಲೀಲಾ ಅಷ್ಟರಲ್ಲಿ ಮೂಲೆ ಅಂಗಡಿಯಿಂದ ಕಡ್ಲೆಮಿಠಾಯಿ ತಂದಳು. ಕೆಳಗಿಳಿದ ಎಲ್ಲರಿಗೂ ಒಂದೊಂದು ಚೂರು ಕೊಟ್ಟಳು, ಪ್ರಿನ್ಸಿಪಾಲರಿಗೂ. ಅವರು ಅದನ್ನು ಕೈಯಲ್ಲಿ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡರು.

ಅವತ್ತು ಮನೆಗೆ ಬಂದು ಊಟ ಮಾಡಿ ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ.

‘ರಾತ್ರಿ ಕರೆಂಟ್ ಹೋಗಿತ್ತು. ಎಷ್ಟು ಹೊತ್ತು ಹೋಗಿತ್ತು ಗೊತ್ತಾ?’ ಎಂದರು ಅಮ್ಮ, ಕಾಫಿ ಕೊಡುತ್ತಾ. ‘ಇವಳು ಈಗ ಏಳ್ತಾಳೆ ಅಂತ ಕಾಯ್ತಾ ಕೂತಿದ್ದೆ. ನೀನು ಮಗ್ಗುಲು ಕೂಡ ಬದಲಾಯಿಸಲಿಲ್ಲ.’

ನಾನು ಮಂಚದ ಪಕ್ಕ ನೋಡಿದೆ. ಅಲ್ಲಿ ಚಪ್ಪಲಿ ಇರಲಿಲ್ಲ. ಬಾಗಿಲ ಹೊರಗೆ ಬಿಟ್ಟು ಬಂದಿದ್ದೆ.